‘ವಿಶ್ವ ಚಾಂಪಿಯನ್ ಕ್ಲಬ್’ ಎಂದರೆ ಜಗತ್ತಿನ ಅತ್ಯುತ್ತಮ ತಂಡವೇ? ಒಂದು ಕಪ್‌ನ ಹಿಂದಿರುವ ಲೆಕ್ಕ

2025ರ ಜುಲೈ 14, ನಮ್ಮಲ್ಲಿ ನಸುಕಿನ ಹೊತ್ತು. ಅಮೆರಿಕದ ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್ (ಪಿಎಸ್‌ಜಿ) ತಂಡವನ್ನು 3–0 ಗೋಲುಗಳಿಂದ ಸೋಲಿಸಿತು. ‘ಚೆಲ್ಸಿ ಈಗ ವಿಶ್ವ ಚಾಂಪಿಯನ್’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಿತು.

ಐದು ತಿಂಗಳು ಕಳೆಯಿತು. ಡಿಸೆಂಬರ್ 17ರ ರಾತ್ರಿ ಕತಾರ್‌ನಲ್ಲಿ ಅದೇ ಪಿಎಸ್‌ಜಿ, ಬ್ರೆಜಿಲ್‌ನ ಫ್ಲಮೆಂಗೊ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಇನ್ನೊಂದು ಕಪ್ ಎತ್ತಿತು. ಈ ಸಲ ‘ಪಿಎಸ್‌ಜಿ ವಿಶ್ವ ಚಾಂಪಿಯನ್’ ಎಂಬ ಸಂದೇಶ.

ಒಂದೇ ವರ್ಷ, ಇಬ್ಬರು ವಿಶ್ವ ಚಾಂಪಿಯನ್ನರು. ಹಾಗಾದರೆ ಇವೆರಡರಲ್ಲಿ ಒಂದು ಸುಳ್ಳು ಸುದ್ದಿಯೇ?

ಅಲ್ಲ. ಎರಡೂ ಕಪ್‌ಗಳು ನಿಜ, ಎರಡನ್ನೂ ನಡೆಸಿದ್ದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ. ತಪ್ಪು ಇರುವುದು ನಾವು ಅದಕ್ಕೆ ಕೊಡುವ ಅರ್ಥದಲ್ಲಿ. ಕಪ್ ಗೆದ್ದವರು ‘ಜಗತ್ತಿನಲ್ಲೇ ಅತ್ಯುತ್ತಮರು’ ಎಂದು ಮೊದಲು ಹೇಳುತ್ತೇವೆ. ಅಲ್ಲಿಂದ ‘ಆ ಖಂಡದವರಿಗೆ ಫುಟ್‌ಬಾಲ್ ರಕ್ತದಲ್ಲೇ ಇದೆ, ಈ ಖಂಡದವರಿಗೆ ಮೈಕಟ್ಟೇ ಇಲ್ಲ’ ಎಂಬಲ್ಲಿಗೆ ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎರಡು ಗಂಟೆಯ ಪಂದ್ಯವೊಂದರಿಂದ ಕೋಟ್ಯಂತರ ಜನರ ಯೋಗ್ಯತೆ ಅಳೆಯುವ ಈ ಅಭ್ಯಾಸವನ್ನು ಸ್ವಲ್ಪ ಪರೀಕ್ಷೆ ಮಾಡೋಣ.

ಎರಡು ಕಪ್, ಎರಡು ನಿಯಮ

ಚೆಲ್ಸಿ ಗೆದ್ದಿದ್ದು ಫಿಫಾ ಕ್ಲಬ್ ವಿಶ್ವಕಪ್. 2025ರಲ್ಲಿ ಇದು ಮೊದಲ ಬಾರಿಗೆ 32 ತಂಡಗಳ ದೊಡ್ಡ ಟೂರ್ನಿಯಾಯಿತು. ಒಟ್ಟು 63 ಪಂದ್ಯಗಳು ನಡೆದವು. ಮೊದಲು ಗುಂಪು ಹಂತ, ಆಮೇಲೆ ನಾಕೌಟ್. ಇದು ನಾಲ್ಕು ವರ್ಷಕ್ಕೊಮ್ಮೆ ನಡೆಯುವಂಥದ್ದು, ಮುಂದಿನದು 2029ಕ್ಕೆ.

ಪಿಎಸ್‌ಜಿ ಗೆದ್ದಿದ್ದು ಫಿಫಾ ಇಂಟರ್‌ಕಾಂಟಿನೆಂಟಲ್ ಕಪ್. ಇದು 2024ರಿಂದ ವರ್ಷಕ್ಕೊಮ್ಮೆ ನಡೆಯುತ್ತಿದೆ. ಆಯಾ ವರ್ಷ ಆರು ಖಂಡ ಒಕ್ಕೂಟಗಳಲ್ಲಿ ಚಾಂಪಿಯನ್ ಆದ ಆರು ಕ್ಲಬ್‌ಗಳು ಮಾತ್ರ ಇದರಲ್ಲಿ ಆಡುತ್ತವೆ. ಗುಂಪು ಹಂತ ಇಲ್ಲ, ಸೋತವರು ನೇರ ಮನೆಗೆ. ‘ಖಂಡಗಳ ಚಾಂಪಿಯನ್ನರ ನಾಕೌಟ್’ ಎಂಬ ಮಾತು ಸರಿಯಾಗಿ ಹೊಂದುವುದು ಇದಕ್ಕೇ.

ದೊಡ್ಡ ಟೂರ್ನಿಯಲ್ಲಿ ಖಂಡದ ಚಾಂಪಿಯನ್ನರ ಜೊತೆಗೆ ಬೇರೆಯವರೂ ಇರುತ್ತಾರೆ. ಚೆಲ್ಸಿಗೆ ಅಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ ಕಾರಣಕ್ಕೆ. 2024–25ರ ಋತುವಿನಲ್ಲಿ ಅದು ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿರಲೇ ಇಲ್ಲ. ಇನ್ನೊಂದು ಕಡೆ, 2025ರಲ್ಲಿ ಇಂಗ್ಲೆಂಡ್, ಸ್ಪೇನ್ ಮತ್ತು ಇಟಲಿಯ ಲೀಗ್ ಗೆದ್ದ ಲಿವರ್‌ಪೂಲ್, ಬಾರ್ಸಿಲೋನಾ ಮತ್ತು ನಾಪೊಲಿ ಆ 32ರ ಪಟ್ಟಿಯಲ್ಲಿ ಇರಲಿಲ್ಲ. ಕೆಲವು ವರ್ಷಗಳ ಸಾಧನೆಯ ಲೆಕ್ಕ, ಒಂದು ದೇಶಕ್ಕೆ ಸಾಮಾನ್ಯವಾಗಿ ಎರಡೇ ಕ್ಲಬ್ ಎಂಬ ಮಿತಿ, ಇವೆಲ್ಲ ಸೇರಿ ಹಾಗಾಯಿತು. ಆತಿಥೇಯ ದೇಶದ ಕೋಟಾದಲ್ಲಿ ಮೆಸ್ಸಿಯ ಇಂಟರ್ ಮಯಾಮಿ ಒಳಗೆ ಬಂತು.

ಇದರಲ್ಲಿ ಮೋಸವೇನೂ ಇಲ್ಲ. ಯಾವ ಟೂರ್ನಿಗೂ ಪ್ರವೇಶ ನಿಯಮ ಇರಲೇಬೇಕು. ಆದರೆ ‘ಜಗತ್ತಿನ ಎಲ್ಲ ಬಲಿಷ್ಠರನ್ನೂ ಸೋಲಿಸಿದವರು’ ಎಂದು ಬರೆಯುವ ಮುನ್ನ ಯಾರು ಯಾರು ಅಂಗಳಕ್ಕೇ ಇಳಿದಿರಲಿಲ್ಲ ಎಂಬುದನ್ನೂ ನೋಡಬೇಕು.

ಈ ಗೊಂದಲ ಹೊಸದಲ್ಲ

‘ನಾವೇ ವಿಶ್ವ ಚಾಂಪಿಯನ್’ ಎಂಬ ಮಾತಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

1909ರಲ್ಲಿ ಇಟಲಿಯ ಟುರಿನ್ ನಗರದಲ್ಲಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಎಂಬ ಪಂದ್ಯಾವಳಿ ನಡೆಯಿತು. ಚಹಾ ವ್ಯಾಪಾರದ ಅದೇ ಲಿಪ್ಟನ್. ಇಂಗ್ಲೆಂಡಿನಿಂದ ಹೋಗಿದ್ದು ವೆಸ್ಟ್ ಆಕ್ಲೆಂಡ್ ಎಂಬ ಹಳ್ಳಿಯ ತಂಡ. ಅದರಲ್ಲಿ ಆಡುತ್ತಿದ್ದವರು ಕಲ್ಲಿದ್ದಲು ಗಣಿಯ ಕೆಲಸಗಾರರು. ಆ ತಂಡ 1909ರಲ್ಲಿ ಗೆದ್ದಿತು, 1911ರಲ್ಲಿ ಫೈನಲ್‌ನಲ್ಲಿ ಯುವೆಂಟಸ್ ತಂಡವನ್ನು 6–1ರಿಂದ ಸೋಲಿಸಿ ಮತ್ತೆ ಗೆದ್ದಿತು. ಇದನ್ನು ‘ಮೊದಲ ವಿಶ್ವಕಪ್’ ಎಂದು ಕರೆಯುವವರು ಇಂದಿಗೂ ಇದ್ದಾರೆ. ಆದರೆ ಆಡಿದ್ದು ಯುರೋಪಿನ ಕೆಲವೇ ತಂಡಗಳು.

ಇದಕ್ಕೆ ಅಂಟಿಕೊಂಡ ಒಂದು ರಸವತ್ತಾದ ಕತೆಯೂ ಇದೆ. ಆಹ್ವಾನ ಹೋಗಬೇಕಿದ್ದದ್ದು ವೂಲ್ವಿಚ್ ಆರ್ಸೆನಲ್‌ಗೆ, ಎರಡೂ ಹೆಸರಿನ ಮೊದಲಕ್ಷರಗಳು ಇಂಗ್ಲಿಷಿನಲ್ಲಿ ಒಂದೇ ಆದ್ದರಿಂದ ಪತ್ರ ಗಣಿಗಾರರ ಕೈಸೇರಿತು ಎಂದು. ಕೇಳಲು ಚೆನ್ನಾಗಿದೆ, ಆದರೆ ಇದನ್ನು ಸಾಬೀತು ಮಾಡುವ ದಾಖಲೆ ಇಲ್ಲ. ಫಾರ್ವರ್ಡ್‌ಗಳು ಹುಟ್ಟುವ ಮೊದಲೇ ಹುಟ್ಟಿದ ಫಾರ್ವರ್ಡ್ ಎನ್ನಬಹುದು.

1951ರಲ್ಲಿ ಬ್ರೆಜಿಲ್‌ನ ಪಾಲ್ಮೇರಾಸ್, ರಿಯೊ ಕಪ್ ಎಂಬ ಎಂಟು ತಂಡಗಳ ಟೂರ್ನಿ ಗೆದ್ದಿತು. ಅದು ವಿಶ್ವ ಪ್ರಶಸ್ತಿಯೇ ಎಂದು ಆ ಕ್ಲಬ್‌ನ ಅಭಿಮಾನಿಗಳು ವಾದಿಸುತ್ತಾರೆ. ‘ನಿಮ್ಮ ಬಳಿ ವಿಶ್ವಕಪ್ ಎಲ್ಲಿದೆ?’ ಎಂದು ಎದುರಾಳಿಗಳು ಇವತ್ತಿಗೂ ಕಾಲೆಳೆಯುತ್ತಾರೆ. ನಮ್ಮಲ್ಲಿ ಐಪಿಎಲ್ ತಂಡಗಳ ಅಭಿಮಾನಿಗಳು ಕಪ್ ಸಂಖ್ಯೆ ಹಿಡಿದು ಜಗಳ ಆಡುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

1960ರಲ್ಲಿ ಹಳೆಯ ಇಂಟರ್‌ಕಾಂಟಿನೆಂಟಲ್ ಕಪ್ ಶುರುವಾಯಿತು. ಯುರೋಪಿನ ಚಾಂಪಿಯನ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ನಡುವಿನ ಹಣಾಹಣಿ ಅದು. ಮೊದಲ ಕಪ್ ಗೆದ್ದಿದ್ದು ರಿಯಲ್ ಮ್ಯಾಡ್ರಿಡ್. ಏಷ್ಯಾ, ಆಫ್ರಿಕಾಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಫಿಫಾ ಅದನ್ನು ನಡೆಸುತ್ತಲೂ ಇರಲಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ಕೆಲವು ಪಂದ್ಯಗಳಲ್ಲಿ ಹೊಡೆದಾಟ ಮಿತಿಮೀರಿ, ಯುರೋಪಿನ ಕೆಲವು ಚಾಂಪಿಯನ್ನರು ಆಡಲು ಒಲ್ಲೆ ಎಂದರು. 1974ರಲ್ಲಿ ಬಯರ್ನ್ ಮ್ಯೂನಿಕ್ ಹಿಂದೆ ಸರಿದಾಗ, ಯುರೋಪಿನ ಫೈನಲ್‌ನಲ್ಲಿ ಸೋತಿದ್ದ ಅಟ್ಲೆಟಿಕೊ ಮ್ಯಾಡ್ರಿಡ್ ಆಡಿ ಗೆದ್ದೇಬಿಟ್ಟಿತು. ಸ್ವಂತ ಖಂಡದಲ್ಲಿ ಚಾಂಪಿಯನ್ ಆಗದೆ ‘ವಿಶ್ವ’ ಕಪ್! 1980ರಿಂದ ಈ ಕಪ್ ಜಪಾನ್‌ಗೆ ಹೋಗಿ ಒಂದೇ ಪಂದ್ಯದ ಆಟವಾಯಿತು.

2000ನೇ ಇಸವಿ ಇನ್ನೂ ಸ್ವಾರಸ್ಯದ್ದು. ಫಿಫಾ ತನ್ನದೇ ಕ್ಲಬ್ ಟೂರ್ನಿಯನ್ನು ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ನಡೆಸಿತು. ಮರಕಾನಾದಲ್ಲಿ ನಡೆದ ಫೈನಲ್‌ನಲ್ಲಿ ಕೊರಿಂಥಿಯನ್ಸ್ ತಂಡ ವಾಸ್ಕೊ ಡ ಗಾಮ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಕೊರಿಂಥಿಯನ್ಸ್‌ಗೆ ಸಿಕ್ಕಿದ್ದು ಆತಿಥೇಯ ದೇಶದ ಜಾಗ. ಅದು ದಕ್ಷಿಣ ಅಮೆರಿಕದ ಚಾಂಪಿಯನ್ ಆಗಿದ್ದು 12 ವರ್ಷಗಳ ನಂತರ, 2012ರಲ್ಲಿ. ಅದೇ 2000ದ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಹಳೆಯ ಕಪ್‌ಗಾಗಿ ಅರ್ಜೆಂಟೀನಾದ ಬೊಕಾ ಜೂನಿಯರ್ಸ್, ರಿಯಲ್ ಮ್ಯಾಡ್ರಿಡ್ ತಂಡವನ್ನು 2–1ರಿಂದ ಸೋಲಿಸಿತು. ಅಂದರೆ ಆ ವರ್ಷವೂ ಇಬ್ಬರು ವಿಶ್ವ ಚಾಂಪಿಯನ್ನರು.

ಹಳೆಯ ಕಪ್ 2004ಕ್ಕೆ ನಿಂತಿತು. 2005ರಿಂದ ಎಲ್ಲ ಖಂಡಗಳ ಚಾಂಪಿಯನ್ನರನ್ನು ಸೇರಿಸಿ ಫಿಫಾ ಟೂರ್ನಿ ಪ್ರತಿ ಋತುವಿಗೊಮ್ಮೆ ನಡೆಯತೊಡಗಿತು. 2017ರ ಅಕ್ಟೋಬರ್‌ನಲ್ಲಿ ಫಿಫಾ ಮಂಡಳಿ ಸಭೆ ಸೇರಿ, 1960ರಿಂದ 2004ರವರೆಗಿನ ಹಳೆಯ ಕಪ್ ವಿಜೇತರನ್ನೂ ವಿಶ್ವ ಚಾಂಪಿಯನ್ ಕ್ಲಬ್‌ಗಳೆಂದು ಒಪ್ಪಿಕೊಂಡಿತು. ಆ ಸಭೆ ನಡೆದದ್ದು ನಮ್ಮ ಕೋಲ್ಕತ್ತದಲ್ಲಿ, 17 ವರ್ಷದೊಳಗಿನವರ ವಿಶ್ವಕಪ್ ಸಮಯದಲ್ಲಿ. ಪಾಲ್ಮೇರಾಸ್‌ನ 1951 ಆ ಪಟ್ಟಿಗೆ ಸೇರಲಿಲ್ಲ.

ಅಂದರೆ ‘ವಿಶ್ವ ಚಾಂಪಿಯನ್’ ಎನ್ನುವುದು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂತಹ ಸಂಗತಿಯಲ್ಲ. ಅದು ಸಂಸ್ಥೆಯೊಂದು ಕೊಡುವ ಪಟ್ಟ. ಸಭೆಯೊಂದರ ನಿರ್ಣಯದಿಂದ 13 ವರ್ಷಗಳ ನಂತರವೂ, 57 ವರ್ಷಗಳ ನಂತರವೂ ಅದು ಸಿಗಬಹುದು.

ನಾಕೌಟ್‌ನ ಗಣಿತ: ಬಲಿಷ್ಠ ತಂಡವೂ ಹೆಚ್ಚಿನ ಸಲ ಸೋಲುತ್ತದೆ

ಈಗ ಲೆಕ್ಕಕ್ಕೆ ಬರೋಣ. ಹೈಸ್ಕೂಲಿನ ಗುಣಾಕಾರ ಸಾಕು.

32 ತಂಡಗಳ ಟೂರ್ನಿಯಲ್ಲಿ ಗುಂಪು ಹಂತ ದಾಟಿದ ಮೇಲೆ ಕಪ್ ಗೆಲ್ಲಲು ಸತತ ನಾಲ್ಕು ನಾಕೌಟ್ ಪಂದ್ಯ ಗೆಲ್ಲಬೇಕು. ಒಂದು ತಂಡ ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಇಷ್ಟಿದೆ ಎಂದುಕೊಂಡರೆ, ಕಪ್ ಗೆಲ್ಲುವ ಸಾಧ್ಯತೆ ಎಷ್ಟಾಗುತ್ತದೆ?

- ಪ್ರತಿ ಪಂದ್ಯಕ್ಕೆ ಶೇ 50 ಇದ್ದರೆ, ಕಪ್‌ಗೆ ಸುಮಾರು ಶೇ 6
- ಪ್ರತಿ ಪಂದ್ಯಕ್ಕೆ ಶೇ 60 ಇದ್ದರೆ, ಕಪ್‌ಗೆ ಸುಮಾರು ಶೇ 13
- ಪ್ರತಿ ಪಂದ್ಯಕ್ಕೆ ಶೇ 70 ಇದ್ದರೆ, ಕಪ್‌ಗೆ ಸುಮಾರು ಶೇ 24
- ಪ್ರತಿ ಪಂದ್ಯಕ್ಕೆ ಶೇ 80 ಇದ್ದರೆ, ಕಪ್‌ಗೆ ಸುಮಾರು ಶೇ 41

ಮೂರನೇ ಸಾಲನ್ನು ಇನ್ನೊಮ್ಮೆ ಓದಿ. ಎದುರು ಯಾರೇ ಬರಲಿ, ಹತ್ತರಲ್ಲಿ ಏಳು ಸಲ ಸೋಲಿಸಬಲ್ಲ ತಂಡ ಅದು. ಅಂಥ ತಂಡ ಕೂಡ ನೂರು ಟೂರ್ನಿ ಆಡಿದರೆ 76ರಲ್ಲಿ ಬರಿಗೈಲಿ ಮನೆಗೆ ಹೋಗುತ್ತದೆ. ಹಾಗಾಗಿ ‘ಇಷ್ಟು ದೊಡ್ಡ ತಂಡ ಸೋತಿದೆ ಎಂದರೆ ಫಿಕ್ಸಿಂಗ್ ಆಗಿರಲೇಬೇಕು’ ಎಂಬ ಸಂದೇಶ ಬಂದಾಗ ಈ ಪಟ್ಟಿ ನೆನಪಿರಲಿ. ದೊಡ್ಡ ತಂಡ ಸೋಲುವುದು ನಾಕೌಟ್‌ನಲ್ಲಿ ಮಾಮೂಲು.

ಫುಟ್‌ಬಾಲ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಇಲ್ಲಿ ಅಂಕಗಳು ಬಹಳ ಕಡಿಮೆ. ಕಬಡ್ಡಿಯಲ್ಲಿ ಒಂದು ತಂಡ 30 ಅಂಕ ಗಳಿಸುತ್ತದೆ. ಒಂದೆರಡು ರೈಡ್ ಕೆಟ್ಟರೂ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. ಫುಟ್‌ಬಾಲ್‌ನಲ್ಲಿ ಎರಡೂ ತಂಡ ಸೇರಿ ಸಾಮಾನ್ಯವಾಗಿ ಎರಡು ಮೂರು ಗೋಲು. ಕಂಬಕ್ಕೆ ಬಡಿದು ಹೊರಹೋದ ಒಂದು ಚೆಂಡು, ಒಂದು ಕೆಂಪು ಕಾರ್ಡ್, ಇಡೀ ಪಂದ್ಯವನ್ನು ತಿರುಗಿಸಬಲ್ಲದು. ಲೀಗ್‌ನಲ್ಲಿ 38 ಪಂದ್ಯ ಆಡುವಾಗ ಇಂಥ ಅದೃಷ್ಟ ದುರದೃಷ್ಟಗಳು ಬಹುಮಟ್ಟಿಗೆ ಸರಿದೂಗುತ್ತವೆ. ಒಂದೇ ಪಂದ್ಯದಲ್ಲಿ ದೂಗಲು ಅವಕಾಶವೇ ಇಲ್ಲ.

ಪೆನಾಲ್ಟಿ ಶೂಟೌಟ್ ಅಂತೂ ಇನ್ನೂ ಬಿಗಿ. ಸಾಮಾನ್ಯವಾಗಿ ನಾಲ್ಕು ಪೆನಾಲ್ಟಿಗಳಲ್ಲಿ ಸುಮಾರು ಮೂರು ಗೋಲಾಗುತ್ತವೆ. ಆದರೆ ಕತಾರ್‌ನ ಆ ಫೈನಲ್‌ನಲ್ಲಿ ಪಿಎಸ್‌ಜಿಯ ಗೋಲ್‌ಕೀಪರ್ ಮಾತ್ವೆ ಸಫೊನೊವ್ ಒಬ್ಬನೇ ನಾಲ್ಕನ್ನು ತಡೆದ. ಪಂದ್ಯ 1–1, ಶೂಟೌಟ್ 2–1. ಅದು ಸಫೊನೊವ್‌ನ ಅಸಾಧಾರಣ ಸಾಧನೆ, ಅನುಮಾನವಿಲ್ಲ. ಆದರೆ 120 ನಿಮಿಷ ಸಮಸಮ ಆಡಿದ ಎರಡು ತಂಡಗಳಲ್ಲಿ ಒಂದು ‘ವಿಶ್ವಶ್ರೇಷ್ಠ’, ಇನ್ನೊಂದು ‘ಏನೂ ಅಲ್ಲ’ ಎನ್ನಲು ಅಷ್ಟು ಸಾಕೇ?

ಎಲ್ಲರೂ ಒಂದೇ ಮೆಟ್ಟಿಲಿನಿಂದ ಶುರು ಮಾಡುವುದಿಲ್ಲ

ವರ್ಷಕ್ಕೊಮ್ಮೆ ನಡೆಯುವ ಇಂಟರ್‌ಕಾಂಟಿನೆಂಟಲ್ ಕಪ್‌ನ ಒಂದು ನಿಯಮ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಯುರೋಪಿನ ಚಾಂಪಿಯನ್ ನೇರವಾಗಿ ಫೈನಲ್ ಆಡುತ್ತದೆ!

2025ರಲ್ಲಿ ಪಿಎಸ್‌ಜಿ ಆಡಿದ್ದು ಒಂದೇ ಪಂದ್ಯ. ಫ್ಲಮೆಂಗೊ ಮೊದಲು ಮೆಕ್ಸಿಕೊದ ಕ್ರೂಜ್ ಅಜುಲ್ ತಂಡವನ್ನು, ಆಮೇಲೆ ಈಜಿಪ್ಟಿನ ಪಿರಮಿಡ್ಸ್ ತಂಡವನ್ನು ಸೋಲಿಸಿ ಫೈನಲ್‌ಗೆ ಬಂತು. ಓಷಿಯಾನಿಯಾದ ಚಾಂಪಿಯನ್, ನ್ಯೂಜಿಲೆಂಡಿನ ಆಕ್ಲೆಂಡ್ ಸಿಟಿ ಮೊದಲ ಪಂದ್ಯದಲ್ಲೇ ಸೋತಿತು. ಅದು ಕಪ್ ಗೆಲ್ಲಬೇಕಿದ್ದರೆ ನಾಲ್ಕು ಪಂದ್ಯ ಗೆಲ್ಲಬೇಕಿತ್ತು.

ಎಲ್ಲ ತಂಡಗಳೂ ಸಮಬಲದವು ಎಂದೇ ಇಟ್ಟುಕೊಳ್ಳಿ. ಆಗಲೂ ಯುರೋಪಿನ ಚಾಂಪಿಯನ್‌ಗೆ ಕಪ್ ಸಿಗುವ ಸಾಧ್ಯತೆ ಶೇ 50, ಫ್ಲಮೆಂಗೊಗೆ ಶೇ 12.5, ಆಕ್ಲೆಂಡ್ ಸಿಟಿಗೆ ಶೇ 6ರಷ್ಟು. ಚೆಂಡು ಒದೆಯುವ ಮುನ್ನವೇ ನಿಯಮ ಇಷ್ಟು ಅಂತರ ಮಾಡಿಟ್ಟಿರುತ್ತದೆ. 2005ರಿಂದ 2023ರವರೆಗೆ ನಡೆದ ಟೂರ್ನಿಗಳಲ್ಲೂ ಯುರೋಪ್ ಮತ್ತು ದಕ್ಷಿಣ ಅಮೆರಿಕದವರಿಗೆ ನೇರ ಸೆಮಿಫೈನಲ್ ಪ್ರವೇಶವಿತ್ತು.

ಇಷ್ಟಾದರೂ ಏಣಿಯ ಕೆಳಗಿನಿಂದ ಹತ್ತಿ ಫೈನಲ್ ತಲುಪಿದವರಿದ್ದಾರೆ. 2010ರಲ್ಲಿ ಕಾಂಗೊದ ಟಿಪಿ ಮಜೆಂಬೆ ಬ್ರೆಜಿಲ್‌ನ ಇಂಟರ್‌ನ್ಯಾಸಿಯೊನಾಲ್ ತಂಡವನ್ನು ಸೋಲಿಸಿತು. 2013ರಲ್ಲಿ ಮೊರಾಕ್ಕೊದ ರಾಜಾ ಕಾಸಾಬ್ಲಾಂಕಾ, 2016ರಲ್ಲಿ ಜಪಾನಿನ ಕಾಶಿಮಾ ಆಂಟ್ಲರ್ಸ್, 2018ರಲ್ಲಿ ಯುಎಇಯ ಅಲ್ ಐನ್ ಫೈನಲ್ ಆಡಿದವು. ಕಾಶಿಮಾ ಅಂತೂ ರಿಯಲ್ ಮ್ಯಾಡ್ರಿಡ್ ತಂಡವನ್ನು ಹೆಚ್ಚುವರಿ ಸಮಯದವರೆಗೆ ಎಳೆದೊಯ್ದು 4–2ರಿಂದ ಸೋತಿತು.

‘ಅವನನ್ನು ಸೋಲಿಸಿದವನನ್ನು ಸೋಲಿಸಿದವನು’

ನಮ್ಮ ತಲೆಯಲ್ಲಿ ಒಂದು ಸರಳ ತರ್ಕ ಕೂತಿರುತ್ತದೆ. ರಾಮ ಶ್ಯಾಮನಿಗಿಂತ ಎತ್ತರ, ಶ್ಯಾಮ ಸೋಮನಿಗಿಂತ ಎತ್ತರ, ಆದ್ದರಿಂದ ರಾಮ ಸೋಮನಿಗಿಂತ ಎತ್ತರ. ಎತ್ತರ, ತೂಕಕ್ಕೆ ಇದು ಸರಿ. ಆಟಕ್ಕೂ ಸರಿಯೇ?

2025ರ ಕ್ಲಬ್ ವಿಶ್ವಕಪ್‌ನ ನಾಲ್ಕು ಫಲಿತಾಂಶ ನೋಡಿ. ಒಂದೇ ಟೂರ್ನಿ, ಒಂದೇ ತಿಂಗಳು.

- ಪಿಎಸ್‌ಜಿ, ಬಯರ್ನ್ ಮ್ಯೂನಿಕ್ ತಂಡವನ್ನು 2–0ರಿಂದ ಸೋಲಿಸಿತು.
- ಬಯರ್ನ್ ಮ್ಯೂನಿಕ್, ಫ್ಲಮೆಂಗೊ ತಂಡವನ್ನು 4–2ರಿಂದ ಸೋಲಿಸಿತು.
- ಫ್ಲಮೆಂಗೊ, ಚೆಲ್ಸಿ ತಂಡವನ್ನು 3–1ರಿಂದ ಸೋಲಿಸಿತು.
- ಚೆಲ್ಸಿ, ಪಿಎಸ್‌ಜಿ ತಂಡವನ್ನು 3–0ರಿಂದ ಸೋಲಿಸಿತು.

ಶುರು ಮಾಡಿದಲ್ಲಿಗೇ ಬಂದು ನಿಂತೆವು. ಈ ನಾಲ್ವರಲ್ಲಿ ‘ಅತ್ಯುತ್ತಮ’ ಯಾರು? ಕಲ್ಲು–ಕಾಗದ–ಕತ್ತರಿ ಆಟದಲ್ಲಿ ಯಾವುದು ಅತ್ಯುತ್ತಮ ಎಂದು ಕೇಳಿದ ಹಾಗೆ. ಚೆಲ್ಸಿ ಸೋತಿದ್ದು ಗುಂಪು ಹಂತದಲ್ಲಿ, ಅಲ್ಲಿ ಒಂದು ಸೋಲಿಗೆ ಕ್ಷಮೆ ಇತ್ತು. ಪಿಎಸ್‌ಜಿ ಸೋತಿದ್ದು ಫೈನಲ್‌ನಲ್ಲಿ. ಅಂದಹಾಗೆ ಪಿಎಸ್‌ಜಿ ಗುಂಪು ಹಂತದಲ್ಲಿ ಬ್ರೆಜಿಲ್‌ನ ಬೊಟಾಫೊಗೊಗೂ 1–0ರಿಂದ ಸೋತಿತ್ತು. ಸೌದಿ ಅರೇಬಿಯಾದ ಅಲ್ ಹಿಲಾಲ್, ಮ್ಯಾಂಚೆಸ್ಟರ್ ಸಿಟಿಯನ್ನು 4–3ರಿಂದ ಹೊರಹಾಕಿತು.

ಕಪ್ ಯಾರಿಗೆ ಸಿಕ್ಕಿತು ಎಂಬುದಕ್ಕೆ ಪಂದ್ಯಗಳ ಕ್ರಮವೂ ಒಂದು ಕಾರಣ. ಹಾಗೆಂದು ಚೆಲ್ಸಿಯ ಗೆಲುವನ್ನು ಕಡಿಮೆ ಮಾಡಬೇಕಿಲ್ಲ. ಯಾವಾಗ ಗೆಲ್ಲಬೇಕೋ ಆಗ ಗೆಲ್ಲುವುದೂ ಒಂದು ಸಾಮರ್ಥ್ಯವೇ. ಚೆಲ್ಸಿ ‘ಗೆದ್ದ ತಂಡ’ ಎನ್ನುವುದು ಸತ್ಯ. ‘ಎಲ್ಲರಿಗಿಂತ ಮೇಲಿನ ತಂಡ’ ಎನ್ನುವುದು ಅದಕ್ಕೆ ನಾವು ಅಂಟಿಸಿದ ಬಾಲ.

ಹಾಗಾದರೆ ಯುರೋಪೇ ಯಾಕೆ ಗೆಲ್ಲುತ್ತದೆ?

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಎಲ್ಲವೂ ಅದೃಷ್ಟ ಎನ್ನುವುದಾದರೆ ಒಂದೇ ಖಂಡ ಮತ್ತೆ ಮತ್ತೆ ಗೆಲ್ಲುವುದು ಹೇಗೆ? ಒಳ್ಳೆಯ ಪ್ರಶ್ನೆ. ಒಂದು ಟೂರ್ನಿಯ ಫಲಿತಾಂಶದಿಂದ ಹೆಚ್ಚೇನೂ ತಿಳಿಯುವುದಿಲ್ಲ, ಆದರೆ ಐವತ್ತು ವರ್ಷಗಳ ಫಲಿತಾಂಶದಿಂದ ತಿಳಿಯುತ್ತದೆ.

ಹಳೆಯ ಇಂಟರ್‌ಕಾಂಟಿನೆಂಟಲ್ ಕಪ್ 1960ರಿಂದ 1995ರವರೆಗೆ 34 ಬಾರಿ ನಡೆಯಿತು. ದಕ್ಷಿಣ ಅಮೆರಿಕ 20 ಬಾರಿ ಗೆದ್ದಿತು, ಯುರೋಪ್ 14 ಬಾರಿ. 1996ರಿಂದ 2004ರವರೆಗಿನ 9 ಕಪ್‌ಗಳಲ್ಲಿ ಯುರೋಪಿಗೆ 7, ದಕ್ಷಿಣ ಅಮೆರಿಕಕ್ಕೆ 2. ಫಿಫಾದ ಕ್ಲಬ್ ವಿಶ್ವಕಪ್ 2000 ಮತ್ತು 2005ರಿಂದ 2023ರವರೆಗೆ ಒಟ್ಟು 20 ಬಾರಿ ನಡೆದಿದ್ದು, ಯುರೋಪ್ 16, ದಕ್ಷಿಣ ಅಮೆರಿಕ 4. ಯುರೋಪಿನಾಚೆಯ ಕ್ಲಬ್ ಕೊನೆಯ ಸಲ ಗೆದ್ದಿದ್ದು 2012ರಲ್ಲಿ, ಕೊರಿಂಥಿಯನ್ಸ್ ತಂಡ ಚೆಲ್ಸಿಯನ್ನು 1–0ರಿಂದ ಸೋಲಿಸಿದಾಗ.

1990ರ ದಶಕದ ನಡುವೆ ಏನಾಯಿತು? ಬ್ರೆಜಿಲ್, ಅರ್ಜೆಂಟೀನಾದ ಮಕ್ಕಳು ಫುಟ್‌ಬಾಲ್ ಮರೆತರೇ? ಇಲ್ಲ.

1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಂ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಹೂಡಿದ್ದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರನ್ನು ಒಕ್ಕೂಟದ ಬೇರೆ ದೇಶದ ಕ್ಲಬ್‌ಗಳಲ್ಲಿ ‘ವಿದೇಶಿ’ ಎಂದು ಎಣಿಸಿ ಮಿತಿ ಹೇರುವಂತಿಲ್ಲ ಎಂದಿತು. ಆವರೆಗೆ ಕ್ಲಬ್‌ಗಳಿಗೆ ಇಷ್ಟೇ ವಿದೇಶಿಯರು ಎಂಬ ಕಟ್ಟುಪಾಡಿತ್ತು. ಆ ಜಾಗಗಳೆಲ್ಲ ಖಾಲಿಯಾಗಿ, ದಕ್ಷಿಣ ಅಮೆರಿಕ, ಆಫ್ರಿಕಾಗಳ ಆಟಗಾರರನ್ನು ತರಲು ದಾರಿಯಾಯಿತು. ಅದೇ ಹೊತ್ತಿಗೆ ಟಿವಿ ಹಕ್ಕುಗಳಿಂದ ಯುರೋಪಿನ ಕ್ಲಬ್‌ಗಳಿಗೆ ಹಣ ಹರಿದು ಬರತೊಡಗಿತ್ತು. ಪ್ರತಿಭೆ ಹುಟ್ಟುವ ಊರು ಬದಲಾಗಲಿಲ್ಲ, ಅದು ಆಡುವ ಊರು ಬದಲಾಯಿತು.

2025ರ ಟೂರ್ನಿಯಲ್ಲೇ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಸೆಮಿಫೈನಲ್‌ನಲ್ಲಿ ಚೆಲ್ಸಿ ಬ್ರೆಜಿಲ್‌ನ ಫ್ಲುಮಿನೆನ್ಸ್ ತಂಡವನ್ನು 2–0ರಿಂದ ಸೋಲಿಸಿತು. ಎರಡೂ ಗೋಲು ಹೊಡೆದವನು ಜುವಾವ್ ಪೆದ್ರೊ. ಅವನು ಆಟ ಕಲಿತಿದ್ದು ಅದೇ ಫ್ಲುಮಿನೆನ್ಸ್‌ನಲ್ಲಿ. ಚೆಲ್ಸಿ ಅವನನ್ನು ಕೊಂಡದ್ದು ಟೂರ್ನಿಯ ನಡುವೆ! ಗೋಲು ಹೊಡೆದ ಮೇಲೆ ಅವನು ಸಂಭ್ರಮಿಸಲಿಲ್ಲ. ಅದಕ್ಕೂ ಮೊದಲು ಕ್ವಾರ್ಟರ್ ಫೈನಲ್‌ನಲ್ಲಿ ಪಾಲ್ಮೇರಾಸ್ ಪರ ಚೆಲ್ಸಿ ವಿರುದ್ಧ ಗೋಲು ಹೊಡೆದ ಹುಡುಗ ಎಸ್ತೆವಾವ್. ಅವನನ್ನು ಚೆಲ್ಸಿ ಮೊದಲೇ ಕೊಂಡಾಗಿತ್ತು. ಟೂರ್ನಿ ಮುಗಿಯುತ್ತಲೇ ಅವನೂ ಲಂಡನ್‌ಗೆ ಹೋದ. ಗೆದ್ದದ್ದು ಯುರೋಪಿನ ಕ್ಲಬ್, ಗೆಲ್ಲಿಸಿದ ಕಾಲುಗಳಲ್ಲಿ ಬ್ರೆಜಿಲ್‌ನವೂ ಇದ್ದವು.

ಬಹುಮಾನದ ಹಂಚಿಕೆಯೂ ಈ ಅಂತರವನ್ನು ತುಂಬುವಂತಿಲ್ಲ. ಒಟ್ಟು 100 ಕೋಟಿ ಡಾಲರ್ ಇಟ್ಟಿದ್ದ ಆ ಟೂರ್ನಿಯಲ್ಲಿ ಭಾಗವಹಿಸಿದ್ದಕ್ಕಾಗಿಯೇ ಯುರೋಪಿನ ಒಂದೊಂದು ಕ್ಲಬ್‌ಗೆ 1.28 ಕೋಟಿಯಿಂದ 3.82 ಕೋಟಿ ಡಾಲರ್‌ವರೆಗೆ ನಿಗದಿಯಾಗಿತ್ತು. ದಕ್ಷಿಣ ಅಮೆರಿಕದವರಿಗೆ 1.52 ಕೋಟಿ, ಏಷ್ಯಾ ಮತ್ತು ಆಫ್ರಿಕಾದವರಿಗೆ ತಲಾ 95.5 ಲಕ್ಷ, ಓಷಿಯಾನಿಯಾಕ್ಕೆ 35.8 ಲಕ್ಷ ಡಾಲರ್. ಆಕ್ಲೆಂಡ್ ಸಿಟಿಯ ಆಟಗಾರರು ಬೇರೆ ಉದ್ಯೋಗ ಮಾಡಿಕೊಂಡು ಸಂಜೆ ಅಭ್ಯಾಸ ಮಾಡುವವರು. ಬಯರ್ನ್ ವಿರುದ್ಧ 10–0ರಿಂದ ಸೋತ ಆ ತಂಡ, ಕೊನೆಯ ಪಂದ್ಯದಲ್ಲಿ ಬೊಕಾ ಜೂನಿಯರ್ಸ್ ಜೊತೆ 1–1ರ ಡ್ರಾ ಮಾಡಿಕೊಂಡಿತು. ಸಮಬಲದ ಗೋಲು ಹೊಡೆದವನು ಶಾಲಾ ಶಿಕ್ಷಕನಾಗಲು ತರಬೇತಿ ಪಡೆಯುತ್ತಿದ್ದ ಡಿಫೆಂಡರ್.

ಬಿಸಿಲು, ಸಿಡಿಲು, ಸುಸ್ತು

ಯಾವ ತಿಂಗಳಲ್ಲಿ ಆಡುತ್ತಾರೆ ಎಂಬುದೂ ಮುಖ್ಯ. ಯುರೋಪಿನ ಋತು ಆಗಸ್ಟ್‌ನಿಂದ ಮೇವರೆಗೆ, ಬ್ರೆಜಿಲ್‌ನದು ಡಿಸೆಂಬರ್‌ಗೆ ಮುಗಿಯುತ್ತದೆ. ಹಾಗಾಗಿ ಜೂನ್‌ನಲ್ಲಿ ಯುರೋಪಿನವರು ದಣಿದಿರುತ್ತಾರೆ, ಬ್ರೆಜಿಲ್‌ನವರು ಋತುವಿನ ನಡುವೆ ಇರುತ್ತಾರೆ. 2025ರ ಜೂನ್‌ನಲ್ಲಿ ಬ್ರೆಜಿಲ್‌ನ ನಾಲ್ಕೂ ತಂಡಗಳು ಗುಂಪು ಹಂತ ದಾಟಿದವು. ಡಿಸೆಂಬರ್ ಟೂರ್ನಿಗಳಲ್ಲಿ ಪರಿಸ್ಥಿತಿ ತಿರುಗುಮುರುಗು.

ಅಮೆರಿಕದ ಬೇಸಿಗೆಯೂ ಆಟಕ್ಕಿಳಿದಿತ್ತು. ಸಿನ್ಸಿನಾಟಿಯಲ್ಲಿ ಜರ್ಮನಿಯ ಡಾರ್ಟ್‌ಮಂಡ್ ತಂಡದ ಬದಲಿ ಆಟಗಾರರು ಬಿಸಿಲು ತಾಳಲಾರದೆ ಮೊದಲಾರ್ಧವನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ನೋಡಿದರು. ಷಾರ್ಲಟ್‌ನಲ್ಲಿ ಚೆಲ್ಸಿ–ಬೆನ್ಫಿಕಾ ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಸಿಡಿಲಿನ ಭಯದಿಂದ ನಿಂತು, ಸುಮಾರು ಎರಡು ಗಂಟೆ ತಡವಾಗಿ ಮುಂದುವರಿಯಿತು.

ಇಲ್ಲೊಂದು ಆರೋಗ್ಯದ ಮಾತು. ‘32 ಡಿಗ್ರಿಗೆಲ್ಲ ನೀರಿನ ವಿರಾಮ ಕೇಳುತ್ತಾರೆ, ನಮ್ಮ ಕಲಬುರಗಿಗೆ ಬರಲಿ’ ಎಂಬ ತಮಾಷೆ ನಿಮಗೆ ಬಂದಿದ್ದರೆ ಗಮನಿಸಿ. ಫಿಫಾ ವಿರಾಮಕ್ಕೆ ಇಟ್ಟಿರುವ 32 ಡಿಗ್ರಿ ಎಂಬ ಗಡಿ ನಿಮ್ಮ ಮೊಬೈಲ್ ತೋರಿಸುವ ತಾಪಮಾನವಲ್ಲ. ಅದು ಗಾಳಿಯ ಬಿಸಿ, ತೇವಾಂಶ, ನೇರ ಬಿಸಿಲು ಮೂರನ್ನೂ ಸೇರಿಸಿದ ಬೇರೆ ಅಳತೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಶೇ 70ರಷ್ಟು ತೂಕವಿದೆ. ಯಾಕೆಂದರೆ ದೇಹ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಹರಿಯುತ್ತದೆ, ಆರುವುದಿಲ್ಲ. ಆ ಅಳತೆಯಲ್ಲಿ 32 ಎಂದರೆ ಓಡುವ ದೇಹಕ್ಕೆ ನಿಜವಾದ ಅಪಾಯ. ಮಂಗಳೂರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಆಟ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

‘140 ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ?’

ಇಂಥ ಟೂರ್ನಿ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಅದರ ಜೊತೆಗೇ ‘ಭಾರತೀಯರ ದೇಹ ಫುಟ್‌ಬಾಲ್‌ಗೆ ಒಗ್ಗುವುದಿಲ್ಲ’ ಎಂಬ ಉತ್ತರವೂ.

ಉರುಗ್ವೆ ದೇಶವನ್ನು ನೋಡಿ. ಅಲ್ಲಿನ ಜನಸಂಖ್ಯೆ ಸುಮಾರು 35 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ಆ ದೇಶದ ಪೆನ್ಯಾರೋಲ್ 1961, 1966, 1982ರಲ್ಲಿ, ನಾಸಿಯೊನಾಲ್ 1971, 1980, 1988ರಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದವು. ಒಟ್ಟು ಆರು. 1988ರ ನಂತರ ಒಂದೂ ಇಲ್ಲ. ಜನ ಅದೇ, ಮೈಕಟ್ಟು ಅದೇ, ಹುಚ್ಚೂ ಅದೇ. ಗೆಲುವು ಜನಸಂಖ್ಯೆಯಿಂದಲೋ ರಕ್ತದಿಂದಲೋ ಬರುವುದಾಗಿದ್ದರೆ ಆ ಆರು ಕಪ್‌ಗಳನ್ನೂ ವಿವರಿಸಲಾಗದು, ಆಮೇಲಿನ ಬರಗಾಲವನ್ನೂ ವಿವರಿಸಲಾಗದು. ಮಕ್ಕಳಿಗೆ ಮೈದಾನ, ತರಬೇತುದಾರರು, ವರ್ಷವಿಡೀ ನಡೆಯುವ ಲೀಗ್, ಬೆಳೆದ ಆಟಗಾರರನ್ನು ಉಳಿಸಿಕೊಳ್ಳುವ ಹಣ, ಇವುಗಳಿಂದ ವಿವರಿಸಬಹುದು.

ಭಾರತದ ಯಾವ ಕ್ಲಬ್ಬೂ ಈವರೆಗೆ ಫಿಫಾದ ಈ ಕಪ್‌ಗಳಲ್ಲಿ ಆಡಿಲ್ಲ. ಹೋಗುವ ನೇರ ದಾರಿ ಏಷ್ಯಾದ ಅಗ್ರ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಎಲೀಟ್ ಗೆಲ್ಲುವುದು. ನಮ್ಮ ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್‌ಗೆ 1–0ರಿಂದ ಸೋತಿತು. ‘ಏಷ್ಯಾ ಚಾಂಪಿಯನ್ ಆಗುವುದು ಕೂದಲೆಳೆಯಲ್ಲಿ ತಪ್ಪಿತು’ ಎಂದು ಹೇಳಿದರೆ ಅದೂ ಪೂರ್ತಿ ಸರಿಯಲ್ಲ. ಎಎಫ್‌ಸಿ ಕಪ್ ಆಗ ಏಷ್ಯಾದ ಎರಡನೇ ಹಂತದ ಟೂರ್ನಿ. ಆ ಸಾಧನೆ ಹೆಮ್ಮೆಪಡುವಂಥದ್ದೇ, ಅದನ್ನು ಅದರ ಹೆಸರಿನಿಂದಲೇ ಕರೆದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ‘ವಿಶ್ವ ಚಾಂಪಿಯನ್’ ಎಂಬ ಸಂದೇಶ ಬಂದರೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಯಾವ ಕಪ್? ನಾಲ್ಕು ವರ್ಷಕ್ಕೊಮ್ಮೆಯ 32 ತಂಡಗಳದ್ದೋ, ವರ್ಷಕ್ಕೊಮ್ಮೆಯ ಖಂಡ ಚಾಂಪಿಯನ್ನರದ್ದೋ, 2004ಕ್ಕೆ ನಿಂತ ಹಳೆಯದ್ದೋ?
2. ಗೆದ್ದವರು ಎಷ್ಟು ಪಂದ್ಯ ಆಡಿದರು, ಸೋತವರು ಎಷ್ಟು?
3. ಸಂದೇಶ ‘ಗೆದ್ದರು’ ಎಂದಷ್ಟೇ ಹೇಳುತ್ತಿದೆಯೇ, ‘ಅವರೇ ಶ್ರೇಷ್ಠರು’ ಎಂದು ಮುಂದಕ್ಕೆ ಹೋಗುತ್ತಿದೆಯೇ?
4. ಅಲ್ಲಿಂದಲೂ ಮುಂದೆ ಹೋಗಿ ಒಂದು ದೇಶದ, ಖಂಡದ ಜನರ ದೇಹ ಅಥವಾ ಬುದ್ಧಿಯ ಬಗ್ಗೆ ತೀರ್ಪು ಕೊಡುತ್ತಿದೆಯೇ?

ಮೊದಲ ಎರಡಕ್ಕೆ ಉತ್ತರ ಸಿಕ್ಕರೆ ಸಂತೋಷದಿಂದ ಹಂಚಿಕೊಳ್ಳಿ. ಮೂರನೆಯದರಲ್ಲಿ ಎಡವಿದ್ದರೆ ಸ್ನೇಹಿತರ ಗುಂಪಿನಲ್ಲಿ ಒಂದು ಒಳ್ಳೆಯ ಜಗಳಕ್ಕೆ ವಿಷಯವಾಯಿತು, ಫುಟ್‌ಬಾಲ್ ಇರುವುದೇ ಅದಕ್ಕೆ. ನಾಲ್ಕನೆಯದು ಕಂಡರೆ ಮಾತ್ರ ಆ ಸಂದೇಶ ನಿಮ್ಮಲ್ಲಿಗೇ ನಿಲ್ಲಲಿ.